ಪಹಣಿಯ ಪಾಠ, ಮಗ್ಗದ ಲೆಕ್ಕ

ಸರ್ವೆ ನಂಬರು 12, ಹಿಸ್ಸಾ 3. ಚಳ್ಳಕೆರೆ ಸೀಮೆಯ ರೈತರು ಇದನ್ನು 12/3 ಎಂದು ಬರೆಯುತ್ತಾರೆ. ಬ್ಯಾಂಕಿನವರೂ ಸಹಕಾರ ಸಂಘದ ಕಾರ್ಯದರ್ಶಿಯೂ ಹಾಗೇ ಬರೆದುಕೊಳ್ಳುತ್ತಾರೆ. ಇದನ್ನೇ ಎಕ್ಸೆಲ್ ಹಾಳೆಯಲ್ಲಿ ಹೊಡೆದು ಎಂಟರ್ ಒತ್ತಿದರೆ ಅದು ಮಾರ್ಚ್ 12 ಆಗಿಬಿಡುತ್ತದೆ. ಎರಡು ಸಣ್ಣ ಅಂಕಿಗಳ ನಡುವೆ ಓರೆಗೆರೆ ಕಂಡರೆ ಎಕ್ಸೆಲ್ ಅದನ್ನು ತಾರೀಖು ಎಂದೇ ತಿಳಿಯುತ್ತದೆ. ಒಳಗೆ ಉಳಿಸಿಕೊಳ್ಳುವುದು ಇನ್ನೂ ಬೇರೆ: 2024ರಲ್ಲಿ ಹೊಡೆದದ್ದಾದರೆ 45363 ಎಂಬ ಸಂಖ್ಯೆ, ಅಂದರೆ 1900ರ ಆರಂಭದಿಂದ ಎಣಿಸಿಕೊಂಡು ಬಂದ ದಿನಗಳ ಲೆಕ್ಕ. ಹೀಗೆ ಬದಲಾಗುವುದು ಎಲ್ಲ ಸಾಲುಗಳಲ್ಲೂ ಅಲ್ಲ. 112/3 ಎಂದು ಹೊಡೆದರೆ ಅದು ಇದ್ದಂತೆಯೇ ಉಳಿಯುತ್ತದೆ. ಸಾವಿರ ಸಾಲುಗಳ ಪಟ್ಟಿಯಲ್ಲಿ ಯಾವುದು ಹಿಸ್ಸಾ, ಯಾವುದು ತಾರೀಖಾಗಿಹೋದ ಹಿಸ್ಸಾ ಎಂದು ಹುಡುಕುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟದ ಕೆಲಸ.

ಎಕರೆ-ಗುಂಟೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಎರಡು ಎಕರೆ ಮೂವತ್ತು ಗುಂಟೆಯನ್ನು ಹೆಚ್ಚಿನವರು 2.30 ಎಂದು ಬರೆಯುತ್ತಾರೆ. ಒಂದು ಎಕರೆ ಇಪ್ಪತ್ತು ಗುಂಟೆ 1.20 ಆಗುತ್ತದೆ. ಎರಡನ್ನೂ ಕೂಡಿಸು ಎಂದರೆ ಕಂಪ್ಯೂಟರು 3.50 ಎನ್ನುತ್ತದೆ. ಆದರೆ ಎಕರೆಗೆ 40 ಗುಂಟೆ. ಸರಿಯಾದ ಉತ್ತರ ನಾಲ್ಕು ಎಕರೆ ಹತ್ತು ಗುಂಟೆ. ಯಂತ್ರಕ್ಕೆ ಕೂಡಿಸಲು ಬರದೆ ಆದ ತಪ್ಪಲ್ಲ ಇದು. ಬರೆದವರ ಮನಸ್ಸಿನಲ್ಲಿದ್ದ ಅಳತೆಗೂ ಹಾಳೆಯಲ್ಲಿ ಬಿದ್ದ ಅಂಕಿಗೂ ಸಂಬಂಧವೇ ಇರಲಿಲ್ಲ. ವಿಸ್ತೀರ್ಣವನ್ನು ಗುಂಟೆಗಳಲ್ಲಿ ಇಟ್ಟುಕೊಂಡಿದ್ದರೆ, ಅಂದರೆ 110 ಮತ್ತು 60, ಮೊತ್ತ 170 ಬರುತ್ತಿತ್ತು. ಅದನ್ನು ತೆರೆಯ ಮೇಲೆ 4-10 ಎಂದು ತೋರಿಸುವುದು ಒಂದು ಸಾಲಿನ ಸೂತ್ರ.

ಕಂಡದ್ದನ್ನೆಲ್ಲ ತಾರೀಖು ಮಾಡುವ ಎಕ್ಸೆಲ್‌ನ ಅಭ್ಯಾಸ ವಿಜ್ಞಾನಿಗಳನ್ನೂ ಕಾಡಿದೆ. ಮನುಷ್ಯನ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಕೆಲವು ಜೀನುಗಳ ಸಂಕೇತಗಳನ್ನೇ ಬದಲಿಸಬೇಕಾಯಿತು. ಮಾರ್ಚ್, ಸೆಪ್ಟೆಂಬರ್ ತಿಂಗಳುಗಳನ್ನು ಹೋಲುವ ಆ ಸಂಕೇತಗಳನ್ನು ಎಕ್ಸೆಲ್ ತಾರೀಖುಗಳನ್ನಾಗಿ ತಿರುಗಿಸಿಡುತ್ತಿತ್ತು. ಅದೇ ವರ್ಷದ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದ ನಡುವೆ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಪಟ್ಟಿಯಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋದವು. ಪ್ರಯೋಗಾಲಯಗಳಿಂದ ಬಂದ ಮಾಹಿತಿಯನ್ನು ಅವರು ಹಳೆಯ ಮಾದರಿಯ ಎಕ್ಸೆಲ್ ಕಡತಕ್ಕೆ ತುಂಬುತ್ತಿದ್ದರು. ಆ ಮಾದರಿಯಲ್ಲಿ 65,536 ಸಾಲುಗಳಿಗೆ ಮಾತ್ರ ಜಾಗ. ಆಚೆಗಿನ ಸಾಲುಗಳು ಸದ್ದಿಲ್ಲದೆ ಕಳಚಿಕೊಂಡವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು.

ಎಕ್ಸೆಲ್ ಕೆಟ್ಟದ್ದು ಎಂದು ಹೇಳಲು ಈ ಮಾತುಗಳನ್ನು ಎತ್ತಿದ್ದಲ್ಲ. ಒಂದು ತಿಂಗಳ ಖರ್ಚು, ಒಂದು ತರಗತಿಯ ಅಂಕಪಟ್ಟಿ, ಒಂದು ಜಾತ್ರೆಯ ವಂತಿಗೆಗೆ ಅದು ಧಾರಾಳವಾಗಿ ಸಾಕು. ಆದರೆ ವರ್ಷಗಟ್ಟಲೆ ಬೆಳೆಯುವ, ಹಲವರ ಕೈಯಾಡುವ, ಒಂದಕ್ಕೊಂದು ಸಂಬಂಧವಿರುವ ದಾಖಲೆಗಳಿಗೆ ಬೇರೆ ಸಾಧನವೇ ಇದೆ. ಅದಕ್ಕೆ ಡೇಟಾಬೇಸ್ ಎಂದು ಹೆಸರು. ದೊಡ್ಡ ಸರ್ವರು, ತಿಂಗಳ ಬಾಡಿಗೆ, ಬೆಂಗಳೂರಿನ ಕಂಪನಿ ಯಾವುದೂ ಬೇಡ. ಮೇಜಿನ ಮೇಲಿನ ಒಂದು ಕಂಪ್ಯೂಟರಿನಲ್ಲೇ ಅದನ್ನು ಕಟ್ಟಬಹುದು. ಚಳ್ಳಕೆರೆಯ ಶೇಂಗಾ ಮಂಡಿ, ಕಂಬಳಿ ನೇಕಾರರ ಸಹಕಾರ ಸಂಘ, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ವ್ಯಾಪಾರ ಇವಕ್ಕೆ ಬೇಕಾದದ್ದು ಆ ಅಳತೆಯದೇ.

ಡೇಟಾಬೇಸ್ ಕಲಿಸುವವರು ಸಾಮಾನ್ಯವಾಗಿ ಮೆನು, ಬಟನ್‌ಗಳಿಂದ ಶುರುಮಾಡುತ್ತಾರೆ. ಕಲಿಯುವವರು ಮೂರು ತಿಂಗಳ ಕೋರ್ಸು ಮುಗಿಸಿ, ತಮ್ಮ ಅಂಗಡಿಯ ಖಾತೆಪುಸ್ತಕ ಎದುರಿಗಿಟ್ಟುಕೊಂಡು ಎಲ್ಲಿ ಶುರುಮಾಡಬೇಕೆಂದು ತಿಳಿಯದೆ ಕೂರುತ್ತಾರೆ. ಕಷ್ಟದ ಭಾಗ ಕಂಪ್ಯೂಟರಿನ ಹೊರಗಿದೆ: ಯಾವುದನ್ನು ಒಂದು ವಸ್ತುವೆಂದು ಎಣಿಸಬೇಕು, ಅದನ್ನು ಹೇಗೆ ಗುರುತಿಸಬೇಕು, ಯಾವ ಸಂಗತಿಯನ್ನು ಎಲ್ಲಿ ಒಂದೇ ಸಲ ಬರೆದಿಡಬೇಕು. ಇದನ್ನು ಕಲಿಯಲು ಅಮೆರಿಕದ ಪಠ್ಯಪುಸ್ತಕದ ಉದಾಹರಣೆಗಳು ಬೇಕಿಲ್ಲ. ಈ ಸೀಮೆಯ ಮನೆಮನೆಯ ಟ್ರಂಕಿನಲ್ಲೂ ಇರುವ ಪಹಣಿಯೇ ಒಳ್ಳೆಯ ಮೊದಲ ಪಾಠ.

ಕರ್ನಾಟಕದ ಭೂ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಮೊದಲ ಪ್ರಯೋಗ 1991ರಲ್ಲಿ ನಡೆಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು. ಆದರೆ ಪಹಣಿ ನಿಜವಾಗಿ ತಿದ್ದುಪಡಿಯಾಗುತ್ತಿದ್ದ ತಾಲ್ಲೂಕು ಕಚೇರಿಗಳಿಗೆ ಕಂಪ್ಯೂಟರು ಕೊಡುವ ಏರ್ಪಾಡು ಅದರಲ್ಲಿರಲಿಲ್ಲ. ಜಮೀನು ಮಾರಾಟ, ಪೌತಿ, ವಿಭಾಗ ಎಲ್ಲವೂ ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ ಬದಲಾಗುತ್ತಿದ್ದವು. ಬೇರೆಡೆ ತುಂಬಿಸಿಟ್ಟ ದಾಖಲೆ ತುಂಬಿಸಿದ ದಿನದಿಂದಲೇ ಹಳತಾಗತೊಡಗಿತು. ಸೀರೆ ಅಂಗಡಿಗೂ ಸಂಘಕ್ಕೂ ಇದು ಹಾಗೇ ಅನ್ವಯಿಸುತ್ತದೆ. ಬದಲಾವಣೆ ಎಲ್ಲಿ ನಡೆಯುತ್ತದೋ ಅಲ್ಲೇ ಅದನ್ನು ದಾಖಲಿಸಬೇಕು. ವಾರದ ಚೀಟಿಗಳನ್ನೆಲ್ಲ ಕೂಡಿಹಾಕಿ ಭಾನುವಾರ ಹೊಡೆಯುವ ಪದ್ಧತಿ ಹೆಚ್ಚು ದಿನ ನಡೆಯುವುದಿಲ್ಲ.

ಮುಂದೆ ಬಂದ ‘ಭೂಮಿ’ ಯೋಜನೆ ಈ ತಪ್ಪನ್ನು ತಿದ್ದಿಕೊಂಡಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದೊಂದಿಗೆ, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಡೇಟಾಬೇಸಿಗೆ ಬಂದವು. ಆವರೆಗೆ ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಪುಸ್ತಕಗಳು ಅವು. ಚಳ್ಳಕೆರೆ, ಮೊಳಕಾಲ್ಮೂರು ಸೇರಿ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ತಂತ್ರಜ್ಞಾನಕ್ಕಿಂತ ದಿಟ್ಟವಾದ ನಿರ್ಧಾರ ಇನ್ನೊಂದಿತ್ತು: ತಾಲ್ಲೂಕು ಗಣಕೀಕರಣಗೊಂಡ ಮೇಲೆ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಸರ್ಕಾರ ಸಾರಿತು. ಎರಡು ದಾಖಲೆಗಳು ಅಕ್ಕಪಕ್ಕ ನಡೆದರೆ ಜಗಳ ತಪ್ಪದು. ಒಂದೇ ಸತ್ಯ ಎಂದು ನಿಷ್ಠುರವಾಗಿ ಹೇಳದಿದ್ದರೆ ಎಷ್ಟು ಚೆನ್ನಾಗಿ ಕಟ್ಟಿದ ಡೇಟಾಬೇಸೂ ಸೋಲುತ್ತದೆ. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಹಕ್ಕು ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದಕ್ಕೆ ಮೊದಲ ಸರದಿ. ನಡುವೆ ನುಸುಳಲು ತಂತ್ರಾಂಶವೇ ಬಿಡುತ್ತಿರಲಿಲ್ಲ.

ಪಹಣಿಯ ಒಳಗೇ ಇನ್ನೊಂದು ಪಾಠವಿದೆ. ಮೂರನೇ ಕಾಲಂನಲ್ಲಿ ಜಮೀನಿನ ಒಟ್ಟು ವಿಸ್ತೀರ್ಣ, ಒಂಬತ್ತನೇ ಕಾಲಂನಲ್ಲಿ ಖಾತೆದಾರರ ಹೆಸರು ಮತ್ತು ಒಬ್ಬೊಬ್ಬರ ಪಾಲು. ಪಾಲುಗಳೆಲ್ಲ ಕೂಡಿದರೆ ಮೂರನೇ ಕಾಲಂಗೆ ತಾಳೆಯಾಗಬೇಕು. ಎಷ್ಟೋ ಪಹಣಿಗಳಲ್ಲಿ ಆಗುತ್ತಿರಲಿಲ್ಲ. ಕೈಬರಹದ ಕಾಲದಲ್ಲಿ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತ ಅಂಕಿಗಳು ಹಾಗೇ ಕಂಪ್ಯೂಟರಿಗೂ ಏರಿದವು. ಅವನ್ನು ಸರಿಪಡಿಸಲೆಂದೇ ಕಂದಾಯ ಇಲಾಖೆ ಅದಾಲತ್ತುಗಳನ್ನು ನಡೆಸಬೇಕಾಯಿತು. ಸಾಲ ಮಾಡಲು, ಜಮೀನು ಮಾರಲು ಹೋದ ರೈತರು ‘ಮೂರು-ಒಂಬತ್ತು ತಾಳೆಯಾಗುತ್ತಿಲ್ಲ’ ಎಂಬ ಮಾತು ಕೇಳಿ ವಾಪಸು ಬಂದದ್ದು ಈ ಭಾಗದ ಹಳ್ಳಿಗಳಿಗೆ ಹೊಸ ಸಂಗತಿಯಲ್ಲ. ಡೇಟಾಬೇಸ್ ಕಟ್ಟುವವರು ಇಂಥ ನಿಯಮವನ್ನು ಮೊದಲ ದಿನವೇ ಬರೆದಿಡಬಹುದು: ಪಾಲುಗಳ ಮೊತ್ತ ಒಟ್ಟಿಗೆ ಸಮವಾಗದಿದ್ದರೆ ದಾಖಲೆಯನ್ನು ಒಪ್ಪಿಕೊಳ್ಳಬೇಡ. ಎಂಟ್ರಿ ಮಾಡುವ ಕ್ಷಣದಲ್ಲೇ ತಡೆದ ತಪ್ಪಿಗೆ ಒಂದು ನಿಮಿಷ ಸಾಕು. ಹದಿನೈದು ವರ್ಷದ ಮೇಲೆ ಸಿಕ್ಕ ತಪ್ಪಿಗೆ ಸರ್ವೆಯವರು ಬರಬೇಕು, ಅಕ್ಕಪಕ್ಕದವರು ಒಪ್ಪಬೇಕು.

ಇನ್ನು ಹೆಸರಿನ ಪ್ರಶ್ನೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಈ ಸೀಮೆಯಲ್ಲಿ ತಿಪ್ಪೇಸ್ವಾಮಿಗಳು ಎಲ್ಲೆಲ್ಲೂ ಇದ್ದಾರೆ. ಬೋರಯ್ಯ, ಓಬಯ್ಯ, ಪಾಲಯ್ಯ ಎಂಬ ಹೆಸರುಗಳೂ ಹಾಗೆಯೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ‘ತಿಪ್ಪೇಸ್ವಾಮಿ ಬಿನ್ ಬೋರಯ್ಯ’ ಎಂದು ಬರೆದರೂ ಒಂದೇ ಊರಿನಲ್ಲಿ ಇಬ್ಬರು ಮೂವರು ಸಿಗಬಹುದು. ಊರಿನವರಿಗೆ ತೊಂದರೆಯಿಲ್ಲ, ಮೇಲಿನ ಮನೆ, ಕೆಳಗಿನ ಮನೆ ಎಂದು ಗುರುತಿಸಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಆ ಗುರುತಿಲ್ಲ. ಅದಕ್ಕೇ ಡೇಟಾಬೇಸಿನಲ್ಲಿ ಪ್ರತಿಯೊಬ್ಬರಿಗೂ, ಪ್ರತಿಯೊಂದಕ್ಕೂ ಎಂದೂ ಬದಲಾಗದ, ಇನ್ನೊಬ್ಬರಿಗೆ ಸೇರದ ಒಂದು ನಂಬರು ಕೊಡಲೇಬೇಕು. ತಾಂತ್ರಿಕವಾಗಿ ಅದನ್ನು ಪ್ರೈಮರಿ ಕೀ ಎನ್ನುತ್ತಾರೆ. ಒಂದು ಗ್ರಾಮದೊಳಗೆ ಸರ್ವೆ ನಂಬರು ಮಾಡುವ ಕೆಲಸವೂ ಅದೇ. ರಾಜ್ಯ ಸರ್ಕಾರದ ‘ಫ್ರೂಟ್ಸ್’ ವ್ಯವಸ್ಥೆಯಲ್ಲಿ ರೈತರಿಗೆ ಕೊಡುವ ಎಫ್‌ಐಡಿ ನಂಬರಿನ ಉದ್ದೇಶವೂ ಅದೇ. ಫೋನ್ ನಂಬರನ್ನು ಗುರುತಾಗಿ ಬಳಸುವವರಿದ್ದಾರೆ. ಸಿಮ್ ಬದಲಾದ ದಿನ ಅವರ ಹಳೆಯ ಲೆಕ್ಕವೆಲ್ಲ ಅನಾಥವಾಗುತ್ತದೆ.

ಊರಿನ ಹೆಸರುಗಳದು ಚಿಕ್ಕ ಕಿರಿಕಿರಿ, ಆದರೆ ದಿನನಿತ್ಯದ್ದು. ಮೊಳಕಾಲ್ಮೂರು ಎಂದು ಒಬ್ಬರು ಹೊಡೆಯುತ್ತಾರೆ, ಮೊಳಕಾಲ್ಮುರು ಎಂದು ಇನ್ನೊಬ್ಬರು. ಯಂತ್ರಕ್ಕೆ ಇವು ಎರಡು ಊರು. ಹೆಸರುಗಳ ಪಟ್ಟಿಯನ್ನು ಒಂದು ಕಡೆ ಮಾಡಿಟ್ಟು, ಎಂಟ್ರಿ ಮಾಡುವಾಗ ಅದರಿಂದ ಆರಿಸಿಕೊಳ್ಳುವ ಹಾಗೆ ಮಾಡಿದರೆ ಆಯಿತು.

ಈ ವಿಚಾರಗಳಿಗೆ ತಾತ್ವಿಕ ತಳಹದಿ ಹಾಕಿದವರು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂನಲ್ಲಿದ್ದ ಗಣಿತಜ್ಞ ಎಡ್ಗರ್ ಕಾಡ್. 1970ರ ಜೂನ್‌ನಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳನ್ನು ಹೀಗೆ ಹೇಳಬಹುದು: ಮಾಹಿತಿಯನ್ನು ಸರಳವಾದ ಕೋಷ್ಟಕಗಳಲ್ಲಿ ಇಡಿ, ಕೋಷ್ಟಕಗಳನ್ನು ಅವುಗಳೊಳಗಿನ ಗುರುತುಗಳಿಂದಲೇ ಬೆಸೆಯಿರಿ, ಯಂತ್ರದೊಳಗೆ ಅದು ಎಲ್ಲಿ ಕೂತಿದೆ ಎಂಬ ಚಿಂತೆ ಬಳಕೆದಾರರಿಗೆ ಬೇಡ. ಕೆಲವೇ ವರ್ಷಗಳಲ್ಲಿ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಪ್ರಶ್ನೆ ಕೇಳುವ ಭಾಷೆಯನ್ನು ರೂಪಿಸಿದರು. ಅದೇ ಇಂದಿನ ಎಸ್‌ಕ್ಯುಎಲ್. ಈ ಭಾಷೆಯನ್ನು ಕರ್ನಾಟಕದ ದ್ವಿತೀಯ ಪಿಯು ಗಣಕ ವಿಜ್ಞಾನದ ಮಕ್ಕಳು ಓದಿ ಪರೀಕ್ಷೆ ಬರೆದಿದ್ದಾರೆ. ಓದಿದ್ದನ್ನು ಅಪ್ಪನ ಅಂಗಡಿಯ ಲೆಕ್ಕಕ್ಕೆ ಹಚ್ಚಬಹುದೆಂದು ಅವರಿಗೆ ಹೇಳುವವರು ಕಡಿಮೆ ಅನ್ನುವುದೇ ಬೇಸರದ ಸಂಗತಿ.

ಹಚ್ಚುವುದು ಹೇಗೆ? ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನೇ ತೆಗೆದುಕೊಳ್ಳಬಹುದು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಸೀರೆ ಅದು. ನವಿಲು, ಹಣ್ಣು, ಹೂವಿನ ವಿನ್ಯಾಸಗಳಿಗೆ ಹೆಸರಾದದ್ದು. ಸೀರೆ ನೇಯಿಸುವ ಒಬ್ಬ ಮಾಲೀಕರಿಗೆ ಮೂವತ್ತು ಮಗ್ಗಗಳ ಜೊತೆ ವ್ಯವಹಾರವಿದೆ ಎಂದಿಟ್ಟುಕೊಳ್ಳಿ. ಅವರು ನೇಕಾರರಿಗೆ ಹಾಸು ಮತ್ತು ಹೊಕ್ಕಿನ ರೇಷ್ಮೆ, ಜರಿ ತೂಗಿ ಕೊಡುತ್ತಾರೆ. ನೇಕಾರರು ಸೀರೆ ತಂದುಕೊಟ್ಟು ಮಜೂರಿ ಪಡೆಯುತ್ತಾರೆ. ಹಬ್ಬಕ್ಕೆ, ಮದುವೆಗೆ, ಆಸ್ಪತ್ರೆಗೆ ಎಂದು ಮಾಲೀಕರು ಮುಂಗಡ ಕೊಟ್ಟಿರುತ್ತಾರೆ. ಅದು ಮಜೂರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮುರಿಯುತ್ತದೆ.

ಮೊದಲ ಸಲ ಕಂಪ್ಯೂಟರಿಗೆ ಏರಿಸುವವರು ಮಾಡುವುದು ಒಂದೇ ಉದ್ದನೆಯ ಪಟ್ಟಿ. ಪ್ರತಿ ಸಾಲಿನಲ್ಲೂ ನೇಕಾರರ ಹೆಸರು, ಊರು, ಫೋನು, ಕೊಟ್ಟ ರೇಷ್ಮೆ, ಜರಿ, ಬಂದ ಸೀರೆ, ವಿನ್ಯಾಸ, ಮಜೂರಿ, ಮುಂಗಡ, ಬಾಕಿ. ಎರಡು ತಿಂಗಳು ಚೆನ್ನಾಗಿಯೇ ಸಾಗುತ್ತದೆ. ಆಮೇಲೆ ಒಬ್ಬರ ಫೋನ್ ನಂಬರು ಬದಲಾಗುತ್ತದೆ. ಅವರ ಹೆಸರಿನ ನಲವತ್ತು ಸಾಲುಗಳಲ್ಲಿ ಮೂವತ್ತೇಳನ್ನು ತಿದ್ದಿ ಮೂರನ್ನು ಬಿಟ್ಟರೆ ಯಾವುದು ಸರಿ ಎಂದು ಮುಂದಿನ ವರ್ಷ ಯಾರಿಗೂ ತಿಳಿಯುವುದಿಲ್ಲ. ಒಂದು ಹಾಸಿನಿಂದ ಹಲವು ಸೀರೆಗಳು ಬರುತ್ತವೆ. ರೇಷ್ಮೆ ಕೊಟ್ಟ ಸಾಲಿನಲ್ಲಿ ಸೀರೆಗೆ ಒಂದೇ ಮನೆ ಇದೆ. ಆಗ ‘ಸೀರೆ 2’, ‘ಸೀರೆ 3’ ಎಂದು ಬಲಕ್ಕೆ ಕಾಲಂಗಳು ಹುಟ್ಟಿಕೊಳ್ಳುತ್ತವೆ. ಕಾಲಂ ಹೆಸರಿಗೆ ಅಂಕಿ ಸೇರಿತೆಂದರೆ ವಿನ್ಯಾಸ ಎಲ್ಲೋ ತಪ್ಪಿದೆ ಎಂದೇ ತಿಳಿಯಬೇಕು.

ಸರಿಯಾದ ದಾರಿಯಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಕೋಷ್ಟಕ. ನೇಕಾರರದು ಒಂದು: ನಂಬರು, ಹೆಸರು, ಊರು, ಫೋನು, ಅಷ್ಟೇ. ವಿನ್ಯಾಸಗಳದು ಒಂದು: ಹೆಸರು, ಸೀರೆಗೆ ಗೊತ್ತುಮಾಡಿದ ಮಜೂರಿ. ಕೊಟ್ಟ ಮಾಲಿನದು ಒಂದು: ಯಾವ ದಿನ, ಯಾವ ನೇಕಾರರಿಗೆ, ಎಷ್ಟು ಗ್ರಾಂ ರೇಷ್ಮೆ, ಎಷ್ಟು ಗ್ರಾಂ ಜರಿ. ಬಂದ ಸೀರೆಗಳದು ಇನ್ನೊಂದು. ಅದರಲ್ಲಿ ಪ್ರತಿ ಸೀರೆಗೂ ಒಂದು ಸಾಲು, ಅದರ ತೂಕ, ಅದು ಯಾವ ಹಾಸಿನದು, ಯಾವ ವಿನ್ಯಾಸದ್ದು ಎಂಬ ಗುರುತು. ಹಣದ್ದು ಕೊನೆಯದು: ಮುಂಗಡವಾಗಲಿ, ಮಜೂರಿಯಾಗಲಿ, ಕೈ ಬದಲಾದ ಪ್ರತಿ ಸಲಕ್ಕೂ ಒಂದು ಸಾಲು. ನೇಕಾರರ ಹೆಸರು ಮೊದಲ ಕೋಷ್ಟಕ ಬಿಟ್ಟು ಬೇರೆಲ್ಲೂ ಬರುವುದಿಲ್ಲ, ಅವರ ನಂಬರು ಮಾತ್ರ ಬರುತ್ತದೆ. ಫೋನು ಬದಲಾದರೆ ಒಂದೇ ಜಾಗದಲ್ಲಿ ತಿದ್ದಿದರೆ ಮುಗಿಯಿತು.

ಇಲ್ಲಿ ಹೊಸಬರಿಗೆ ಒಂದು ವಿಷಯ ವಿಚಿತ್ರವೆನಿಸುತ್ತದೆ. ‘ಬಾಕಿ’ ಎಂಬ ಕಾಲಂ ಎಲ್ಲೂ ಇಲ್ಲ. ಇರಬಾರದು ಕೂಡ. ಬಾಕಿ ಎನ್ನುವುದು ಬರೆದಿಡುವ ಸಂಗತಿಯಲ್ಲ, ಕೇಳಿದಾಗ ಲೆಕ್ಕ ಹಾಕಿ ತೆಗೆಯುವ ಉತ್ತರ. ಬರೆದಿಟ್ಟರೆ, ಹಿಂದಿನ ಯಾವುದೋ ಎಂಟ್ರಿ ತಿದ್ದಿದ ದಿನ ಅದು ಸುಳ್ಳಾಗುತ್ತದೆ. ಡೇಟಾಬೇಸಿನಲ್ಲಿ ಕ್ವೆರಿ ಎಂಬ ಪ್ರಶ್ನೆಯನ್ನು ಒಮ್ಮೆ ಬರೆದಿಟ್ಟುಕೊಂಡರೆ ಪ್ರತಿ ಸಲ ತೆರೆದಾಗಲೂ ಆ ಹೊತ್ತಿನ ಬಾಕಿ ಕಾಣಿಸುತ್ತದೆ. ಮಜೂರಿ ದರದ ಲೆಕ್ಕ ಮಾತ್ರ ಬೇರೆ. ಈ ವರ್ಷ ದರ ಏರಿತೆಂದು ವಿನ್ಯಾಸದ ಕೋಷ್ಟಕದಲ್ಲಿ ತಿದ್ದಿದರೆ ಹೋದ ವರ್ಷದ ಸೀರೆಗಳ ಮಜೂರಿಯೂ ಏರಿದಂತೆ ತೋರಬಾರದು. ಹಾಗಾಗಿ ಸೀರೆ ಬಂದ ದಿನ ಕೊಟ್ಟ ದರವನ್ನು ಆ ಸೀರೆಯ ಸಾಲಿನಲ್ಲೇ ಬರೆದಿಡಬೇಕು. ಒಂದು ಸಂಗತಿ ಒಂದೇ ಕಡೆ ಎಂಬ ನಿಯಮಕ್ಕೆ ಇದು ಅಪವಾದದಂತೆ ಕಂಡರೂ ಅಲ್ಲ. ಇಂದಿನ ದರ, ಅಂದು ಕೊಟ್ಟ ದರ ಎರಡೂ ಬೇರೆ ಬೇರೆ ಸಂಗತಿಗಳು.

ಇಷ್ಟು ಮಾಡಿದ ಮೇಲೆ ಕೇಳಬಹುದಾದ ಪ್ರಶ್ನೆಗಳೇ ಬದಲಾಗುತ್ತವೆ. ಯಾವ ವಿನ್ಯಾಸಕ್ಕೆ ಸೀರೆಯೊಂದಕ್ಕೆ ಎಷ್ಟು ಜರಿ ಹೋಗುತ್ತಿದೆ? ಯಾವ ಮಗ್ಗಕ್ಕೆ ಹಾಸು ಕೊಟ್ಟು ಎರಡು ತಿಂಗಳಾದರೂ ಸೀರೆ ಬಂದಿಲ್ಲ? ನೇಕಾರರ ಕಡೆಯಿಂದಲೂ ಪ್ರಶ್ನೆ ಏಳಬೇಕು: ನನ್ನ ಮುಂಗಡ ಎಷ್ಟು ಮುರಿದಿದೆ, ಎಷ್ಟು ಉಳಿದಿದೆ? ಮಾಲೀಕರ ಪುಸ್ತಕದಲ್ಲಿ ಮಾತ್ರ ಇರುವ ಆ ಉತ್ತರವನ್ನು ಅಚ್ಚು ಹಾಕಿ ತಿಂಗಳಿಗೊಮ್ಮೆ ನೇಕಾರರ ಕೈಗೆ ಕೊಡುವಂತಾದರೆ, ಈ ಕಸುಬಿನಲ್ಲಿ ಡೇಟಾಬೇಸಿನಿಂದ ಆಗುವ ಅತಿ ದೊಡ್ಡ ಉಪಕಾರ ಅದೇ.

ಸಾಧನಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಂಬತ್ತು-ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿತವರಿಗೆ ಡಿಬೇಸ್, ಫಾಕ್ಸ್‌ಪ್ರೊ ನೆನಪಿರುತ್ತವೆ. ಫಾಕ್ಸ್‌ಪ್ರೊವನ್ನು 1992ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಅದೇ ವರ್ಷ ತನ್ನ ಆಕ್ಸೆಸ್ ತಂತ್ರಾಂಶವನ್ನೂ ಹೊರತಂದಿತು. ಫಾಕ್ಸ್‌ಪ್ರೊಗೆ ಕಂಪನಿಯ ಬೆಂಬಲ 2015ರಲ್ಲಿ ನಿಂತಿತು. ಇನ್ನೂ ಅದರಲ್ಲೇ ಲೆಕ್ಕ ಇಟ್ಟಿರುವವರು ಯಂತ್ರ ಕೆಡುವ ಮೊದಲು ಮಾಹಿತಿಯನ್ನು ಹೊರತೆಗೆದುಕೊಳ್ಳುವುದು ಒಳ್ಳೆಯದು. ಇಂದು ವಿಂಡೋಸ್ ಇರುವವರಿಗೆ ಆಕ್ಸೆಸ್, ಹಣ ಕೊಡಲಾಗದವರಿಗೆ ಉಚಿತವಾದ ಲಿಬ್ರೆ ಆಫೀಸ್ ಬೇಸ್. ಆಕ್ಸೆಸ್ ಕಡತ 2 ಗಿಗಾಬೈಟ್ ಮೀರಿ ಬೆಳೆಯಲಾರದು. ಸೀರೆಗಳ ಫೋಟೋಗಳನ್ನು ಅದರೊಳಗೆ ತುಂಬದೆ, ಫೋಟೋ ಇರುವ ಫೋಲ್ಡರಿನ ವಿಳಾಸವನ್ನಷ್ಟೇ ಬರೆದಿಟ್ಟರೆ ಮೂವತ್ತು ಮಗ್ಗದ ಲೆಕ್ಕಕ್ಕೆ ಆ ಮಿತಿ ಎಂದೂ ಅಡ್ಡ ಬರದು. ಎಣ್ಣೆ ಮಿಲ್ಲುಗಳಿಂದಾಗಿ ‘ಆಯಿಲ್ ಸಿಟಿ’ ಎಂದು ಹೆಸರಾದ ಚಳ್ಳಕೆರೆಯ ವರ್ತಕರಿಗೆ ಟ್ಯಾಲಿ ಹೊಸದಲ್ಲ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಶುರುಮಾಡಿದ ಕಂಪನಿಯ ಕೂಸು ಅದು, ಅದರ ಒಳಗೂ ಇರುವುದು ಡೇಟಾಬೇಸೇ. ಜಮಾ-ಖರ್ಚು, ಜಿಎಸ್‌ಟಿಗೆ ಅದೇ ಸರಿ. ಅದನ್ನು ಬಿಟ್ಟು ಆಕ್ಸೆಸ್‌ನಲ್ಲಿ ಹೊಸದಾಗಿ ಜಮಾ-ಖರ್ಚು ಕಟ್ಟಲು ಹೊರಡುವುದು ವ್ಯರ್ಥ ಶ್ರಮ. ಯಾವ ಹಾಸಿನಿಂದ ಯಾವ ಸೀರೆ, ಯಾವ ಕುರಿ ಮಂದೆಯಿಂದ ಎಷ್ಟು ಉಣ್ಣೆ ಎಂಬಂಥ ಕಸುಬಿನ ಲೆಕ್ಕಕ್ಕೆ ಮಾತ್ರ ಸ್ವಂತ ಡೇಟಾಬೇಸ್ ಬೇಕು.

ಕನ್ನಡದಲ್ಲಿ ಮಾಹಿತಿ ತುಂಬುವವರಿಗೆ ಒಂದು ಎಚ್ಚರಿಕೆ ಬೇಕೇ ಬೇಕು. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟುಗಳಲ್ಲಿ ಹೊಡೆದ ಅಕ್ಷರ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದೊಳಗೆ ಕನ್ನಡವಲ್ಲ. ಅಲ್ಲಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳು. ಅವುಗಳ ಮೇಲೆ ಫಾಂಟು ಕನ್ನಡದ ಆಕಾರವನ್ನು ಹೊದಿಸಿರುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಹೆಸರುಗಳೆಲ್ಲ ಅರ್ಥವಿಲ್ಲದ ಗೀಟುಗಳಾಗುತ್ತವೆ. ಅ ಆ ಇ ಈ ಕ್ರಮದಲ್ಲಿ ಜೋಡಿಸು ಎಂದರೆ ಇಂಗ್ಲಿಷ್ ಸಂಕೇತಗಳ ಕ್ರಮದಲ್ಲಿ ಜೋಡಿಸುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ 128 ಸ್ಥಾನಗಳ ಸ್ವಂತ ಜಾಗವಿದೆ. ವಿಂಡೋಸ್ 2001ರ ಎಕ್ಸ್‌ಪಿಯಿಂದ ಅದನ್ನು ಓದಬಲ್ಲದು. ಈಗಿನ ನುಡಿ, ಬರಹಗಳಲ್ಲೂ ಯೂನಿಕೋಡ್ ಆಯ್ಕೆಯಿದೆ. ಹಳೆಯ ಪಟ್ಟಿಗಳನ್ನು ಪರಿವರ್ತಕದಲ್ಲಿ ಹಾಯಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ, ಆಮೇಲೆಯೇ ಡೇಟಾಬೇಸಿಗೆ ಸೇರಿಸಬೇಕು.

ಎರಡು ಲಿಪಿಗಳ ಇಂಥ ಬೆರಕೆಗೆ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಬಹಳ ಹಳೆಯ ನಿದರ್ಶನವಿದೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕನ ಶಾಸನ ಬ್ರಾಹ್ಮಿಯಲ್ಲಿದೆ. ಅದನ್ನು ಬರೆದ ಚಪಡ ತನ್ನನ್ನು ಲಿಪಿಕಾರನೆಂದು ಹೇಳಿಕೊಳ್ಳುವ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಬ್ರಾಹ್ಮಿಯಷ್ಟೇ ಬಲ್ಲ ಓದುಗನಿಗೆ ಆ ಒಂದು ಪದ ದಕ್ಕುವುದಿಲ್ಲ.

ಅದೇ ಶಾಸನ ಕೆಲವೇ ಕಿಲೋಮೀಟರು ಅಂತರದಲ್ಲಿ ಮೂರು ಕಡೆ ಇದೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಜಟಿಂಗ ರಾಮೇಶ್ವರದ ಬಂಡೆ ತೀರಾ ಸವೆದಿದೆ. ಮೂರರಲ್ಲಿ ಬ್ರಹ್ಮಗಿರಿಯದು ಚೆನ್ನಾಗಿ ಉಳಿದಿದ್ದರಿಂದ, ಉಳಿದೆರಡರಲ್ಲಿ ಅಳಿದದ್ದನ್ನು ವಿದ್ವಾಂಸರು ಅದರ ನೆರವಿನಿಂದ ಓದಿಕೊಂಡರು. ಡೇಟಾಬೇಸಿನ ಕಾಪಿಗಳಿಗೂ ಇದೇ ಕೆಲಸ. ನಿತ್ಯ ತಿದ್ದುವ ದಾಖಲೆ ಒಂದೇ ಇರಬೇಕು, ಕಾಪಾಡಿಕೊಳ್ಳುವ ಪ್ರತಿಗಳು ಹಲವಿರಬೇಕು, ಅವು ಬೇರೆ ಬೇರೆ ಜಾಗದಲ್ಲಿರಬೇಕು. ದಿನದ ಕೊನೆಗೆ ತಾರೀಖು ಹಾಕಿದ ಒಂದು ಪ್ರತಿ ಪೆನ್‌ಡ್ರೈವ್‌ಗೆ, ವಾರಕ್ಕೊಂದು ಪ್ರತಿ ಅಂಗಡಿಯಿಂದ ಆಚೆ ಮನೆಯಲ್ಲೋ ಆನ್‌ಲೈನ್ ಸಂಗ್ರಹದಲ್ಲೋ. ತೆಗೆದಿಟ್ಟ ಪ್ರತಿ ತೆರೆಯುತ್ತದೆಯೇ ಎಂದು ಆಗಾಗ ತೆರೆದು ನೋಡುವುದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಕರೆಂಟು ಹೋಗಿ ಬರುವ ಊರಿನಲ್ಲಿ ಯುಪಿಎಸ್‌ಗೆ ಹಾಕುವ ಹಣ ದಂಡವಲ್ಲ, ಏಕೆಂದರೆ ಬರೆಯುತ್ತಿರುವಾಗಲೇ ಯಂತ್ರ ಆರಿದರೆ ಕಡತವೇ ಕೆಡಬಹುದು. ಇಬ್ಬರು ಮೂವರು ಒಟ್ಟಿಗೆ ಕೆಲಸ ಮಾಡುವ ಕಡೆ ಕೋಷ್ಟಕಗಳನ್ನು ಒಂದು ಕಡತದಲ್ಲೂ ಫಾರಂ, ವರದಿಗಳನ್ನು ಇನ್ನೊಂದರಲ್ಲೂ ಇಡುವುದು ಆಕ್ಸೆಸ್ ಬಲ್ಲವರ ರೂಢಿ. ಮೊದಲನೆಯದು ಒಂದೇ ಯಂತ್ರದಲ್ಲಿ, ಎರಡನೆಯದು ಒಬ್ಬೊಬ್ಬರ ಯಂತ್ರದಲ್ಲೂ ಒಂದೊಂದು. ಸಂಪರ್ಕಕ್ಕೆ ವೈಫೈಗಿಂತ ತಂತಿಯೇ ಸುರಕ್ಷಿತ.

ಯಾವ ಕಾಲಂ ಇರಬೇಕು ಎಂಬ ನಿರ್ಧಾರ ಬರೀ ತಾಂತ್ರಿಕವಲ್ಲ ಎನ್ನುವುದಕ್ಕೆ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಿಗಿಂತ ಬೇರೆ ಸಾಕ್ಷಿ ಬೇಡ. 2009–10ರ ಸುಮಾರಿಗೆ ಉಳ್ಳಾರ್ತಿ, ಕುದಾಪುರ, ವರವು ಸುತ್ತಿನ ಸುಮಾರು 10,000 ಎಕರೆ ಹುಲ್ಲುಗಾವಲು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಹಂಚಿಕೆಯಾಯಿತು. ದಾಖಲೆಯಲ್ಲಿ ಅದು ಸರ್ಕಾರದ ಜಮೀನು. ಸುತ್ತಲಿನ ಹಳ್ಳಿಗಳ ಕುರಿ-ದನ ತಲೆಮಾರುಗಳಿಂದ ಅಲ್ಲಿ ಮೇಯುತ್ತಿದ್ದವು, ಆ ಕುರಿಗಳ ಉಣ್ಣೆಯೇ ಕಂಬಳಿಯಾಗುತ್ತಿತ್ತು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಪಹಣಿಯಲ್ಲಿ ಮಾಲೀಕರಿಗೆ ಕಾಲಂ ಇದೆ, ಋಣಕ್ಕೆ ಇದೆ, ಬೆಳೆಗೆ ಇದೆ. ಯಾವ ಊರಿನ ಮಂದೆ ಯಾವ ಕಾಲದಲ್ಲಿ ಎಲ್ಲಿ ಮೇಯುತ್ತದೆ ಎಂಬುದಕ್ಕೆ ಇಲ್ಲ. ಹಂಚುವ ಹೊತ್ತಿಗೆ ಕಚೇರಿಯ ಕಣ್ಣಿಗೆ ಬಿದ್ದದ್ದು ದಾಖಲೆಯಲ್ಲಿ ಇದ್ದದ್ದಷ್ಟೇ. ಸಹಕಾರ ಸಂಘವೊಂದು ತನ್ನ ಡೇಟಾಬೇಸ್ ಕಟ್ಟುವಾಗಲೂ ಈ ಪ್ರಶ್ನೆ ಏಳುತ್ತದೆ. ಮಗ್ಗ ನೇಯುವ ಗಂಡಸಿನ ಹೆಸರೊಂದೇ ಸದಸ್ಯರ ಪಟ್ಟಿಯಲ್ಲಿದ್ದು, ಉಣ್ಣೆ ನೂಲುವ ಹೆಂಗಸಿಗೆ ಸಾಲೇ ಇಲ್ಲದಿದ್ದರೆ, ಸರ್ಕಾರದ ಸವಲತ್ತು ಬಂದ ದಿನ ಆಕೆಯ ದುಡಿಮೆಗೆ ಪುರಾವೆ ಇರುವುದಿಲ್ಲ.

ಹಾಗಾಗಿ ಕಲಿಯಲು ಹೊರಟವರು ಮೊದಲ ವಾರ ಕಂಪ್ಯೂಟರನ್ನು ಮುಟ್ಟದಿರುವುದೇ ಉತ್ತಮ. ಹೋದ ವರ್ಷದ ಖಾತೆಪುಸ್ತಕ ತೆಗೆದು, ಅದರಿಂದ ಯಾವ ಯಾವ ಪ್ರಶ್ನೆಗೆ ಉತ್ತರ ಬೇಕಿತ್ತು, ಯಾವುದು ಸಿಗಲಿಲ್ಲ ಎಂದು ಕಾಗದದ ಮೇಲೆ ಬರೆಯಬೇಕು. ಆ ಪ್ರಶ್ನೆಗಳಿಂದ ವಸ್ತುಗಳನ್ನು ಗುರುತಿಸಿ ಕೋಷ್ಟಕಗಳ ನಕ್ಷೆ ಹಾಕಬೇಕು. ಆಮೇಲೆ ಪುಸ್ತಕದ ಐವತ್ತು ಎಂಟ್ರಿಗಳನ್ನಷ್ಟೇ ತುಂಬಿ, ಮೊತ್ತ ಪುಸ್ತಕಕ್ಕೆ ತಾಳೆಯಾಗುತ್ತದೆಯೇ ನೋಡಬೇಕು. ತಾಳೆಯಾಗದಿದ್ದರೆ ಆಗ ತಿದ್ದುವುದು ಸುಲಭ. ಐದು ಸಾವಿರ ಎಂಟ್ರಿ ತುಂಬಿದ ಮೇಲೆ ಕೋಷ್ಟಕ ಬದಲಿಸುವುದು ಹಿಂಸೆ. ಎರಡು ಮೂರು ತಿಂಗಳು ಪುಸ್ತಕ, ಡೇಟಾಬೇಸ್ ಎರಡನ್ನೂ ನಡೆಸಿ, ‘ಭೂಮಿ’ ಮಾಡಿದಂತೆ ಒಂದು ದಿನ ಗೊತ್ತುಮಾಡಿ ಪುಸ್ತಕವನ್ನು ಮುಚ್ಚಬೇಕು. ಶೇಂಗಾ ಮಂಡಿಯವರು ಇದಕ್ಕೆ ಬೇಸಿಗೆಯನ್ನು ಆರಿಸಿಕೊಳ್ಳುವುದು ಮೇಲು. ಮುಂಗಾರಿನ ಬೆಳೆ ಕಿತ್ತು ಚೀಲಗಳು ಯಾರ್ಡಿಗೆ ಬರತೊಡಗಿದ ಮೇಲೆ, ರೈತ, ಚೀಲ, ತೂಕ, ದರ, ಹಮಾಲಿ ಎಂದು ಚೀಟಿಗಳ ರಾಶಿಯ ನಡುವೆ ಹೊಸ ವ್ಯವಸ್ಥೆಯ ತಪ್ಪು ಹುಡುಕುವಷ್ಟು ಬಿಡುವು ಗುಮಾಸ್ತರಿಗೆ ಸಿಗುವುದಿಲ್ಲ.